ತಲುಪುವ ಸ್ಥಳ

ರೋಲಾ ಚೌಕದ ಹಿಂದೆ, ಜ್ಯೂಸ್ ಅಂಗಡಿಗೂ ಕ್ಷೌರದಂಗಡಿಗೂ ನಡುವೆ
ನನ್ನ ಟೈಪಿಂಗ್ ಸೆಂಟರ್.
ವೀಸಾ, ಬಾಡಿಗೆ ಕರಾರು, ತಲಾಖ್, ಚೆಕ್ ಬೌನ್ಸ್:
ಪುಟಕ್ಕೆ ಹದಿನೈದು ದಿರಹಂ.
ಯಾರ ಸಂಕಟಕ್ಕೂ ಬೇರೆ ದರ ಇಲ್ಲ.

ಸುಗಂಧಿ ಮೊಗೇರ ಬಂದದ್ದು ಸೋಮವಾರ ಮಧ್ಯಾಹ್ನ,
ಅಜ್ಮಾನಿನ ಕ್ಲಿನಿಕ್ಕಿನ ಸಮವಸ್ತ್ರದಲ್ಲೇ.
ಪ್ಲಾಸ್ಟಿಕ್ ಕೋಶದಲ್ಲಿ ತಮ್ಮನ ಕಾಗದ:
ಟಿಕೆಟ್ಟಿನ ಪ್ರತಿ,
ಅಮ್ಮ ಹೆಬ್ಬೆಟ್ಟೊತ್ತಿದ ಅಧಿಕಾರಪತ್ರ,
ವಿಮಾನ ಕಂಪನಿಯ ಎರಡು ಪುಟದ ಒಪ್ಪಂದ,
ಮತ್ತೆ ನೂರಾ ಹನ್ನೆರಡು ಪುಟದ ತನಿಖಾ ವರದಿ.

"ಗುರುವಾರಕ್ಕೆ ಎರಡು ವರ್ಷ," ಅಂದಳು.
ಕಾನೂನು ಅಷ್ಟೇ ಕಾಯುತ್ತದೆ.
ಆಮೇಲೆ ಹಕ್ಕೂ ಸಾಯುತ್ತದೆ,
ಅದಕ್ಕೆ ತಿಥಿಯೂ ಇಲ್ಲ.

ವರದಿಯ ಮೊದಲ ಪುಟದಲ್ಲೇ, ಚೌಕಟ್ಟಿನೊಳಗೆ:
ಈ ತನಿಖೆಯ ಉದ್ದೇಶ ಯಾರ ಮೇಲೂ ತಪ್ಪು ಹೊರಿಸುವುದಲ್ಲ.
ಕನ್ನಡದಲ್ಲಿ ಓದಿ ಹೇಳಿದೆ.
"ಹೊರಿಸುವುದು ಬೇಡ," ಅಂದಳು,
"ಹೊತ್ತದ್ದು ನಾವು. ಆರು ಜನ.
ಪೆಟ್ಟಿಗೆ ಹಗುರ ಇತ್ತು.
ಹಗುರ ಇದೆ ಅಂತ ಯಾರೂ ಬಾಯಿ ಬಿಡಲಿಲ್ಲ."

ಎಪ್ಪತ್ತೊಂಬತ್ತನೇ ಪುಟ: ಹಿಂದಿನ ರಾತ್ರಿಯ ತಪಾಸಣೆ,
ಹದಿನೇಳು ಅಂಶ, ಹದಿನೇಳು ಟಿಕ್ಕು,
ಕೆಳಗೆ ಮೂರು ಗಂಟೆ ಹತ್ತು ನಿಮಿಷದ ಸಹಿ.
ಅವಳು ಬೆರಳಿಟ್ಟು ನೋಡಿದಳು,
ಔಷಧದ ಚಾರ್ಟಿಗೆ ದಿನಾ ಸಹಿ ಹಾಕುವ ಬೆರಳು.
"ಇದು ಎರಡನೇ ಪಾಳಿಯ ಸಹಿ ಮಾರಾಯ್ರೆ.
ಕೊನೆಯ ಅಕ್ಷರ ನೋಡಿ, ಬಿದ್ದೇಹೋಗಿದೆ.
ಇವನನ್ನು ಮನೆಗೆ ಕಳಿಸದೆ ನಿಲ್ಲಿಸಿಕೊಂಡದ್ದು ಯಾರು?
ಆ ಹೆಸರು ಯಾವ ಪುಟದಲ್ಲಿದೆ?"

ಇರಲಿಲ್ಲ.
ವರದಿ ಬೋಲ್ಟಿನ ಹೆಸರು ಹೇಳುತ್ತದೆ, ಅಳತೆ, ತಯಾರಾದ ವರ್ಷ,
ಗಾಳಿ ಬೀಸಿದ ದಿಕ್ಕು.
ಕೊನೆಗೆ ಹದಿನಾಲ್ಕು ಶಿಫಾರಸು,
ಎಲ್ಲವೂ "ಪರಿಶೀಲಿಸಬಹುದು" ಎಂದು ಮುಗಿಯುತ್ತವೆ.

ಒಪ್ಪಂದ ಮಾತ್ರ ಸ್ಪಷ್ಟ.
ಹಣ ಪಡೆದವರು ಕಂಪನಿಯನ್ನು, ತಯಾರಕರನ್ನು,
ದುರಸ್ತಿಯವರನ್ನು, ಅವರೆಲ್ಲರ ವಿಮೆದಾರರನ್ನು,
ಇನ್ನು ಮುಂದೆ ಗೊತ್ತಾಗಬಹುದಾದ ಕಾರಣಗಳಿಂದಲೂ
ಶಾಶ್ವತವಾಗಿ ಬಿಡುಗಡೆಗೊಳಿಸತಕ್ಕದ್ದು.
ಬಿಡುಗಡೆ. ಹನ್ನೊಂದು ವರ್ಷದಿಂದ ಈ ಪದ ಟೈಪು ಮಾಡಿದ್ದೇನೆ,
ಯಾರೂ ಆ ಕುರ್ಚಿಯಿಂದ ಹಗುರಾಗಿ ಎದ್ದದ್ದು ಕಂಡಿಲ್ಲ.

ಅದನ್ನು ಮಡಚಿ ಕೋಶದೊಳಗೆ ಹಾಕಿದಳು.
"ದಾವೆಯದ್ದು ಟೈಪು ಮಾಡಿ."

ಹೊರಟ ಸ್ಥಳ: ಶಾರ್ಜಾ.
ತಲುಪುವ ಸ್ಥಳ:
ಊರಿನ ಹೆಸರು ಹೇಳಿದಳು. ನಾನು ಕೈ ತಡೆದೆ.
ಟಿಕೆಟ್ಟು ಹೋಗಿಬರುವುದು.
ಹೋಗಿಬರುವ ಟಿಕೆಟ್ಟಿಗೆ ಕಾನೂನಿನಲ್ಲಿ
ಹೊರಟಲ್ಲೇ ತಲುಪುವ ಸ್ಥಳ.
ನಡುವೆ ಊರು ಬರೀ ಒಂದು ನಿಲುಗಡೆ.
ಹಾಗಿರುವುದರಿಂದಲೇ ಇಲ್ಲಿಯ ಕೋರ್ಟು
ನಿಮ್ಮ ಮಾತು ಕೇಳಬೇಕಾಗುತ್ತದೆ, ಅಂದೆ.

ಆಗ ಮೊದಲ ಸಲ ಅವಳ ಮುಖ ಕದಡಿತು.
"ಅವ ವಾಪಸು ಬರುವವನಾಗಿರಲಿಲ್ಲ.
ನಾಲ್ಕು ತಿಂಗಳ ಸಂಬಳ ಬಾಕಿ.
ರಜೆ ಅಂತ ಸುಳ್ಳು ಹೇಳಿ ಹೊರಟದ್ದು.
ಫೋರ್‌ಮನ್ನಿಗೆ ಗುಮಾನಿ ಬರಬಾರದು ಅಂತ
ವಾಪಸು ಟಿಕೆಟ್ಟಿಗೆ ದುಡ್ಡು ಕೊಟ್ಟದ್ದು ನಾನೇ."

ಎಸಿ ತೊಟ್ಟಿಕ್ಕುವ ಸದ್ದು.
ನಮೂನೆಯಲ್ಲಿ ಎರಡು ಕಾಲಮ್ಮು:
ಇಂಗ್ಲಿಷ್ ಎಡದಿಂದ ಹೊರಡುತ್ತದೆ, ಅರಬ್ಬಿ ಬಲದಿಂದ,
ನಡುಗೆರೆಯ ಹತ್ತಿರ ಎರಡೂ ಎದುರುಬದುರು ನಿಲ್ಲುತ್ತವೆ.
ನಾವು ಮಾತಾಡಿದ ಭಾಷೆಗೆ ಅಲ್ಲಿ ಜಾಗವಿಲ್ಲ.
ಸುಳ್ಳಿಗೂ ಇಲ್ಲ.

ವಾಮನ ಮೊಗೇರ, ಇಪ್ಪತ್ತೊಂಬತ್ತು, ಡಕ್ಟ್ ಫಿಟ್ಟರ್.
ತಲುಪುವ ಸ್ಥಳ: ಶಾರ್ಜಾ.
ಎರಡೂ ಕಡೆಯಿಂದ ಬರೆದೆ.

ಅವಳು ಓದಲಿಲ್ಲ. ಆ ಸಾಲಿನ ಮೇಲೆ ಬೆರಳಾಡಿಸಿ ಕೇಳಿದಳು:
"ಹಾಗಾದರೆ ಇವರ ಲೆಕ್ಕದಲ್ಲಿ
ಅವ ನನ್ನ ಹತ್ತಿರ ಬರುವ ದಾರಿಯಲ್ಲಿದ್ದ, ಅಲ್ಲವಾ?"

ನಾಲ್ಕು ಪುಟ. ಅರವತ್ತು ದಿರಹಂ.
ಎಣಿಸಿ ಕೊಟ್ಟಳು. ರಸೀದಿ ಕೇಳಿದಳು.
ಸಮಯವನ್ನೂ ಹಾಕಿ, ಅಂದಳು.
ಎರಡು ಗಂಟೆ ನಲವತ್ತು ನಿಮಿಷ.
ಕೆಳಗೆ ಸಹಿ ಹಾಕಿದೆ,
ಕೊನೆಯ ಅಕ್ಷರವನ್ನು ಪೂರ್ತಿ ಬರೆದೆ.